ಸುರಂಗದ ಬಾಯಿ ಮುಚ್ಚಬೇಡಿ, ಅಪ್ಪ

ನೇಪಲ್ಸ್, ಇಟಲಿ
ಜನವರಿ 18

ತೀರ್ಥರೂಪ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ಇತ್ತ ನಾನು ಕ್ಷೇಮ. ಅಮ್ಮನ ಮೊಣಕಾಲು ನೋವು ತುಸು ಇಳಿದಿದೆ ಎಂದು ಅಣ್ಣ ಹೇಳಿದ, ಸಮಾಧಾನವಾಯಿತು. ಈ ವರ್ಷ ಅಡಿಕೆ ಕೊಯ್ಲಿಗೆ ಜನ ಸಿಕ್ಕಿದರೇ?

ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲವೆಂದು ಕಾಗದ ಹಿಡಿದು ಕುಳಿತಿದ್ದೇನೆ. ಕಳೆದ ಭಾನುವಾರ ಅಣ್ಣ ಮಾತಿನ ನಡುವೆ ಒಂದು ವಿಷಯ ಹೇಳಿದ. ಬೇಸಗೆಗೆ ಮುಂಚೆ ಜೆಸಿಬಿ ತರಿಸಿ ಮನೆಯ ಹಿಂದಿನ ಗುಡ್ಡದ ಬುಡವನ್ನು ಸಮತಟ್ಟು ಮಾಡಿಸುತ್ತಾನಂತೆ. ಆ ಮಣ್ಣನ್ನೇ, ನೀರಿಗೆಂದು ಅಜ್ಜ ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆದ ನಮ್ಮ ಸುರಂಗದ ಬಾಯಿಗೆ ತುಂಬಿಸಿ ಕಾರಿಗೆ ಜಾಗ ಮಾಡುತ್ತಾನಂತೆ. ಕೊಳವೆಬಾವಿ ಇರುವಾಗ ಸುರಂಗ ಯಾಕೆ ಎಂದು ನನ್ನನ್ನೇ ಕೇಳಿದ. ಆಗ ನನ್ನ ಬಾಯಿಂದ ಮಾತು ಹೊರಡಲಿಲ್ಲ. ಅವನ ಪ್ರಶ್ನೆಗೆ ಉತ್ತರ ಈ ಊರಿನಲ್ಲಿದೆ. ಅದನ್ನೇ ಬರೆಯುತ್ತೇನೆ, ಅವನಿಗೂ ಓದಿ ಹೇಳಿ.

ನಾನಿರುವ ನೇಪಲ್ಸ್ ಒಂದು ಊರಲ್ಲ, ಎರಡು. ಮೇಲೆ ಬಟ್ಟೆ ಒಣಹಾಕಿದ ಇಕ್ಕಟ್ಟಿನ ಓಣಿಗಳ ಊರು. ಅದರಡಿಯಲ್ಲಿ ಗುಹೆ, ತೊಟ್ಟಿ, ಕಾಲುವೆಗಳ ಇನ್ನೊಂದು ಊರು. ಸಾನ್ ಗಾಯೆತಾನೊ ಎಂಬ ಚೌಕದ ಪಕ್ಕದಿಂದ ನೂರಕ್ಕೂ ಹೆಚ್ಚು ಮೆಟ್ಟಿಲು ಇಳಿದು ಅಲ್ಲಿಗೆ ಹೋಗಬಹುದು. ಸುಮಾರು 40 ಮೀಟರ್ ಆಳ, ನಮ್ಮ ಲೆಕ್ಕದಲ್ಲಿ ಐವತ್ತು ಕೋಲಿಗೂ ಹೆಚ್ಚು. ಇಳಿಯುತ್ತಿದ್ದಂತೆ ಬೀದಿಯ ಸ್ಕೂಟರುಗಳ ಸದ್ದು ಅಡಗಿತು. ಕೆಳಗೆ ಎರಡಾಳು, ಮೂರಾಳು ಎತ್ತರದ ಕೋಣೆಗಳು. ಕೋಣೆಯಿಂದ ಕೋಣೆಗೆ ಅರ್ಧ ಮೀಟರ್ ಅಗಲದ ಓಣಿ. ಅಲ್ಲಿ ವಿದ್ಯುತ್ ದೀಪವಿಲ್ಲ. ಕೈಯಲ್ಲಿ ಬೆಳಕು ಹಿಡಿದು, ಮೈಯನ್ನು ಅಡ್ಡ ತಿರುಗಿಸಿಕೊಂಡು ನಡೆಯಬೇಕು. ನನ್ನ ಹಿಂದೆ ಬರುತ್ತಿದ್ದವರು ಹೆದರಿ ಹಿಂದಿರುಗಿದರು. ನನಗೆ ಹೆದರಿಕೆಯಾಗಲಿಲ್ಲ ಅಪ್ಪ. ಗೋಡೆಗೆ ಕೈ ತಾಗಿದೊಡನೆ ಮೂಗಿಗೆ ಬಂದದ್ದು ನಮ್ಮ ಸುರಂಗದ ವಾಸನೆ, ಒದ್ದೆ ಕಲ್ಲಿನ ಆ ತಣ್ಣನೆಯ ವಾಸನೆ. ತುದಿಯಲ್ಲಿ ಒಂದು ತೊಟ್ಟಿಯಲ್ಲಿ ತಿಳಿನೀರು ನಿಂತಿತ್ತು. ದೀಪ ಹಿಡಿದಾಗ ಚಾವಣಿಯೇ ನೀರಿನೊಳಗೆ ಇಳಿದು ಬಂದಂತೆ ಕಂಡಿತು.

ಇಲ್ಲಿನ ಕಲ್ಲಿನ ಹೆಸರು ಟುಫೊ, ಹಳದಿ ಬಣ್ಣ. ಊರಿನ ಪಶ್ಚಿಮಕ್ಕೆ ಕಾಂಪಿ ಫ್ಲೆಗ್ರೇ ಎಂಬ ಜ್ವಾಲಾಮುಖಿ ಪ್ರದೇಶವಿದೆ. ಸುಮಾರು 15,000 ವರ್ಷಗಳ ಹಿಂದೆ ಅದು ಉಗುಳಿದ ಬೂದಿ ಗಟ್ಟಿಯಾಗಿ ಈ ಕಲ್ಲಾಯಿತು. ನಮ್ಮ ಮುರಕಲ್ಲಿನ ಹುಟ್ಟು ಬೇರೆ, ಆದರೆ ಗುಣದಲ್ಲಿ ಇವೆರಡೂ ನೆಂಟರೇ. ಕೈ ಉಳಿಗೆ ಬಗ್ಗುವಷ್ಟು ಮೃದು, ಕೊರೆದ ಮೇಲೆ ಕುಸಿಯದೆ ನಿಲ್ಲುವಷ್ಟು ಬಿಗಿ. ಎರಡು ಸಾವಿರ ವರ್ಷಗಳಿಗೂ ಹಿಂದೆ ಇಲ್ಲಿ ನೆಲೆಸಿದ್ದ ಗ್ರೀಕರು ಕೋಟೆಗೋಡೆಗೆಂದು ಈ ಕಲ್ಲನ್ನು ಕಡಿಯತೊಡಗಿದರು. ಮುಂದೆ ಬಂದವರು ಅದನ್ನು ನಿಲ್ಲಿಸಲೇ ಇಲ್ಲ. ಮನೆ ಕಟ್ಟುವ ಜಾಗದಲ್ಲೇ ಬಾವಿಯಂತೆ ಇಳಿದು, ಕೆಳಗೆ ಅಗಲವಾಗಿ ಕಲ್ಲು ಕಡಿದು, ಅದೇ ಬಾವಿಯಿಂದ ಮೇಲೆತ್ತಿ ಗೋಡೆ ಕಟ್ಟುತ್ತಿದ್ದರು. ಉಳಿದ ಟೊಳ್ಳಿಗೆ ನೀರು ಸೋರದಂಥ ಗಾರೆ ಬಳಿದರೆ ಅದೇ ಆ ಮನೆಯ ನೀರಿನ ತೊಟ್ಟಿ. ಕಲ್ಲಿಗಾಗಿ ಒಂದು ಕಡೆ, ನೀರಿಗಾಗಿ ಇನ್ನೊಂದು ಕಡೆ ಅಗೆಯುವ ಶ್ರಮವಿಲ್ಲ. ಇಂಥ ತೊಟ್ಟಿಗಳನ್ನೆಲ್ಲ ಸಣ್ಣ ಕಾಲುವೆಗಳಿಂದ ಒಂದಕ್ಕೊಂದು ಜೋಡಿಸಿದರು. ಬೊಲ್ಲಾ ಎಂಬ ಹಳೆಯ ಕಾಲುವೆಯ ನೀರು ಸಾಲದಾದಾಗ, 1629ರ ಹೊತ್ತಿಗೆ ಕಾರ್ಮಿನ್ಯಾನೊ ಎಂಬ ಶ್ರೀಮಂತ ದೂರದ ಸಾಂತಾಗತಾ ದೇ ಗೋತಿ ಕಡೆಯಿಂದ ಹೊಸ ಕಾಲುವೆ ತಂದ. ಎಲ್ಲವೂ ಇಳಿಜಾರಿನ ಬಲದಿಂದಲೇ ಹರಿಯುತ್ತಿತ್ತು. ಅಜ್ಜ ಸುರಂಗದ ನೆಲವನ್ನು ಬಾಯಿಯ ಕಡೆಗೆ ತುಸುವೇ ತುಸು ಇಳಿಜಾರು ಬಿಟ್ಟು ಕೊರೆದರಲ್ಲ, ಅದೇ ಜಾಣ್ಮೆ.

ಈ ತೊಟ್ಟಿಗಳನ್ನು ನೋಡಿಕೊಳ್ಳುತ್ತಿದ್ದವರನ್ನು ಪೊಟ್ಸಾರಿ ಎನ್ನುತ್ತಿದ್ದರು, ಬಾವಿಯವರು ಎಂದು ಅರ್ಥ. ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದವರು ಇವರು. ಬಾವಿಯ ಎರಡೂ ಬದಿಗೆ ಪಾದ ಊರುವಷ್ಟು ಗುಳಿಗಳನ್ನು ಕೊರೆದಿದ್ದಾರೆ. ಹಗ್ಗವಿಲ್ಲದೆ, ಕಾಲುಗಳನ್ನು ಅಗಲಿಸಿ ಆ ಗುಳಿಗಳಲ್ಲಿ ಇಟ್ಟು ಹತ್ತಿ ಇಳಿಯುತ್ತಿದ್ದರಂತೆ. ಹೂಳು ತೆಗೆಯುವುದು, ಕಾಲುವೆಯ ಬಾಗಿಲು ತೆರೆದು ಯಾವ ಮನೆಗೆ ಎಷ್ಟು ನೀರೆಂದು ತಿರುಗಿಸುವುದು, ಗಾರೆ ಬಿರಿದರೆ ಮುಚ್ಚುವುದು ಎಲ್ಲವೂ ಅವರ ಕೆಲಸ. ನಾನು ಆ ಗುಳಿಯೊಂದರಲ್ಲಿ ಕೈಯಿಟ್ಟು ನೋಡಿದೆ. ಅಂಚು ಸವೆದು ನುಣುಪಾಗಿತ್ತು. ಎಷ್ಟು ಪಾದಗಳು ಊರಿದ್ದರೆ ಕಲ್ಲು ಹಾಗೆ ಸವೆದೀತು!

ನಮ್ಮ ಕಟ್ಟಡದ ಕೆಳಮನೆಯ ಅಜ್ಜಿ ಅವರ ಬಗ್ಗೆ ಬೇರೆಯದೇ ಕಥೆ ಹೇಳುತ್ತಾರೆ. ಇಲ್ಲಿನ ಹಳೆಯ ಮನೆಗಳಲ್ಲಿ ಮುನಾಚಿಯೆಲ್ಲೊ, ಅಂದರೆ ಪುಟ್ಟ ಸನ್ಯಾಸಿ, ಎಂಬ ದೈವವಿದೆಯಂತೆ. ಮುನಿದರೆ ಮನೆಯ ವಸ್ತು ಕಾಣೆಯಾಗುತ್ತದೆ, ಒಲಿದರೆ ನಾಣ್ಯ ಸಿಗುತ್ತದೆ. ಗಿಡ್ಡ ಮೈಕಟ್ಟಿನ ಬಾವಿಯವರು ನಿಲುವಂಗಿ ಹೊದ್ದು, ರಾತ್ರಿ ಹೊತ್ತು ಅಡುಗೆಮನೆಯ ಬಾವಿಯಿಂದ ಮೇಲೆ ಬರುತ್ತಿದ್ದದ್ದೇ ಈ ನಂಬಿಕೆಯ ಮೂಲವೆಂದು ಹೇಳುವವರಿದ್ದಾರೆ. ಅಜ್ಜಿ ಒಪ್ಪುವುದಿಲ್ಲ. ಅವರಿಗೆ ಅದು ಮನೆಯ ದೈವವೇ. ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೀರಿನ ದಾರಿ ಶತ್ರುವಿಗೂ ದಾರಿ. ಕ್ರಿ.ಶ. 536ರಲ್ಲಿ ಬೆಲಿಸಾರಿಯಸ್ ಎಂಬ ಸೇನಾಪತಿ ಈ ಊರಿಗೆ ಮುತ್ತಿಗೆ ಹಾಕಿದ್ದ. ಊರಿಗೆ ನೀರು ತರುವ ಕಾಲುವೆಯನ್ನು ಕಡಿದುಹಾಕಿದರೂ ಊರು ಬಗ್ಗಲಿಲ್ಲ. ಒಣಗಿದ ಕಾಲುವೆ ಹೇಗಿರುತ್ತದೆ ಎಂಬ ಕುತೂಹಲಕ್ಕೆ ಒಬ್ಬ ಸೈನಿಕ ಒಳಹೊಕ್ಕು ನಡೆದ. ಒಂದು ಕಡೆ ಬಂಡೆಯ ಕಿಂಡಿ ಕಿರಿದಾಗಿತ್ತು. ಸದ್ದಾಗದಂತೆ ಅದನ್ನು ಕೆರೆದು ಅಗಲಿಸಿದರು. ಒಂದು ರಾತ್ರಿ ಸುಮಾರು 400 ಜನ ಆ ದಾರಿಯಲ್ಲಿ ಸಾಗಿ, ಒಬ್ಬಂಟಿ ಬಡ ಹೆಂಗಸಿನ ಪಾಳು ಮನೆಯ ಬಳಿ ಮೇಲೆ ಬಂದರು. ಮೊದಲು ಹತ್ತಿದವನು ಅಲ್ಲಿದ್ದ ಆಲಿವ್ ಮರಕ್ಕೆ ಪಟ್ಟಿ ಕಟ್ಟಿ ಇಳಿಬಿಟ್ಟ, ಉಳಿದವರು ಅದನ್ನು ಹಿಡಿದು ಹತ್ತಿದರು. ಸೇನಾಪತಿಯ ಜೊತೆಗಿದ್ದ ಪ್ರೊಕೋಪಿಯಸ್ ಇದನ್ನೆಲ್ಲ ಬರೆದಿಟ್ಟಿದ್ದಾನೆ. ಒಂಬತ್ತು ಶತಮಾನಗಳ ಬಳಿಕ, 1442ರಲ್ಲಿ, ಅರಗಾನಿನ ಅಲ್ಫೋನ್ಸೊ ರಾಜನ ಸೈನಿಕರೂ ನೆಲದಡಿಯ ನೀರಿನ ದಾರಿಯಿಂದಲೇ ಊರನ್ನು ಹೊಕ್ಕರು. ಆ ಹೆಂಗಸಿನ ಗತಿ ಮುಂದೇನಾಯಿತೋ ಎಂದು ನನಗೆ ಈಗಲೂ ಯೋಚನೆಯಾಗುತ್ತದೆ.

ಇನ್ನು ಅಣ್ಣನಿಗೆ ಹೇಳಬೇಕಾದ ಭಾಗ.

1884ರಲ್ಲಿ ಇಲ್ಲಿ ಕಾಲರಾ ಬಂತು, ಸಾವಿರಾರು ಜನ ಸತ್ತರು. ಚರಂಡಿಯ ಕೊಳೆ ಬಾವಿಗಳಿಗೆ ಇಳಿಯುತ್ತಿತ್ತು. ಮರುವರ್ಷವೇ ಸೆರಿನೊ ಎಂಬಲ್ಲಿನ ಬುಗ್ಗೆಗಳ ನೀರನ್ನು ಕೊಳವೆಗಳಲ್ಲಿ ಊರಿಗೆ ತಂದರು. ನಲ್ಲಿ ಬಂತು. ಅದು ಬರಲೇಬೇಕಾಗಿತ್ತು, ಅದರಿಂದ ಎಷ್ಟೋ ಮಕ್ಕಳು ಬದುಕಿದರು. ಆದರೆ ನಲ್ಲಿ ಬಂದ ಮೇಲೆ ಬಾವಿಯವರ ಕಸುಬು ನಿಂತಿತು. ಹೂಳು ತೆಗೆಯುವವರು ಇಲ್ಲವಾದರು, ಕೆಳಗೆ ಏನಿದೆ ಎಂದು ತಿಳಿದವರೂ ಇಲ್ಲವಾದರು. ಅಂಗಳದ ಬಾವಿ ಮನೆಮನೆಯ ಕಸದ ಗುಂಡಿಯಾಯಿತು.

ಹೀಗೆ ಮರೆತ ಊರೇ ಎರಡನೆಯ ಮಹಾಯುದ್ಧದಲ್ಲಿ ಇವರನ್ನು ಉಳಿಸಿತು. 1940ರಿಂದ 1943ರವರೆಗೆ ನೇಪಲ್ಸಿನ ಮೇಲೆ ಮತ್ತೆ ಮತ್ತೆ ಬಾಂಬು ಬಿತ್ತು. ತೊಟ್ಟಿಗಳಿಗೆ ಮೆಟ್ಟಿಲು ಕಡಿದು, ದೀಪ ಎಳೆದು ಆಶ್ರಯತಾಣ ಮಾಡಿದರು. ನಾನು ಹೇಳಿದ ಅಜ್ಜಿಗೆ ಆಗ ಏಳು ವರ್ಷ. ಸೈರನ್ ಕೂಗಿದೊಡನೆ ತಾಯಿ ತಮ್ಮನನ್ನು ಎತ್ತಿಕೊಂಡರೆ ಇವರು ರೊಟ್ಟಿಯ ಚೀಲ ಹಿಡಿದು ಓಡುತ್ತಿದ್ದರಂತೆ. ಮೇಲಿನ ಸ್ಫೋಟ ಕಿವಿಗಿಂತ ಮುಂಚೆ ಬೆನ್ನಿಗೆ ತಿಳಿಯುತ್ತಿತ್ತು, ಗೋಡೆಗೆ ಒರಗಿ ಕುಳಿತಿರುತ್ತಿದ್ದೆವಲ್ಲ ಎಂದರು. ಒಂದು ಸಲ ಮೇಲೆ ಬಂದು ನೋಡಿದಾಗ ಎದುರುಮನೆಯೇ ಇರಲಿಲ್ಲ. ಕೆಳಗಿನ ಗೋಡೆಗಳ ಮೇಲೆ ಆಗಿನವರು ಗೀಚಿದ ವಿಮಾನಗಳೂ ತಾರೀಕುಗಳೂ ಇವತ್ತಿಗೂ ಇವೆ. ಮಕ್ಕಳ ಆಟಿಕೆಗಳೂ ಸಿಕ್ಕಿವೆ. ಅಲ್ಲಿ ನಿಂತು ನನಗೆ ಅಳು ಬಂತು.

ಯುದ್ಧ ಮುಗಿಯಿತು. ಬಿದ್ದ ಮನೆಗಳ ಕಲ್ಲುಮಣ್ಣನ್ನು ಎಲ್ಲಿ ಸುರಿಯುವುದು? ಅದೇ ಬಾವಿಗಳಲ್ಲಿ. ತಮ್ಮನ್ನು ಕಾಪಾಡಿದ ಕೋಣೆಗಳನ್ನೇ ತುಂಬಿಬಿಟ್ಟರು. ಬಡತನವಿತ್ತು, ಅವಸರವಿತ್ತು, ನಾನು ಅವರನ್ನು ದೂರುವುದಿಲ್ಲ. ದೊರೆ ಎರಡನೆಯ ಫರ್ಡಿನಾಂಡ್ 1853ರಲ್ಲಿ ಅರಮನೆಯಿಂದ ತಪ್ಪಿಸಿಕೊಳ್ಳಲೆಂದು ಕೊರೆಯಿಸತೊಡಗಿದ ಸುರಂಗವೂ ಹಳೆಯ ತೊಟ್ಟಿಗಳ ನಡುವೆಯೇ ಹಾದುಹೋಗುತ್ತದೆ. ಯುದ್ಧದ ಬಳಿಕ ಜಪ್ತಿ ಮಾಡಿದ ಕಾರು, ಮೋಟಾರ್ ಸೈಕಲ್ಲುಗಳನ್ನು ಅದರಲ್ಲಿ ಒಟ್ಟಿದ್ದರು. ಅದನ್ನು ಶುಚಿಗೊಳಿಸಿ ಜನರಿಗೆ ತೆರೆದದ್ದು 2010ರಲ್ಲಿ.

ಆದರೆ ಟೊಳ್ಳಿನ ಬಾಯಿ ಮುಚ್ಚಿದರೆ ಟೊಳ್ಳು ಇಲ್ಲವಾಗುವುದಿಲ್ಲ, ನೀರು ಹರಿಯುವುದನ್ನೂ ಬಿಡುವುದಿಲ್ಲ. ಈ ಊರಿನಲ್ಲಿ ದೊಡ್ಡ ಮಳೆ ಬಂದಾಗ, ಚರಂಡಿ ಒಡೆದಾಗ ರಸ್ತೆ ಇದ್ದಕ್ಕಿದ್ದಂತೆ ಬಾಯಿಬಿಡುತ್ತದೆ. ಕೆಳಗೆ ಯಾವ ಗುಹೆ ಎಲ್ಲಿದೆ ಎಂದು ಬಾವಿಯವರಿಗೆ ಗೊತ್ತಿತ್ತು. ಈಗ ಎಂಜಿನಿಯರುಗಳು, ಗುಹೆ ಹೊಕ್ಕುವ ಹವ್ಯಾಸಿಗಳು ಒಂದೊಂದಾಗಿ ಹುಡುಕಿ ನಕ್ಷೆ ಬರೆಯುತ್ತಿದ್ದಾರೆ.

ಅಪ್ಪ, ನಾನು ಇಲ್ಲಿ ಓದುತ್ತಿರುವುದೇ ಮಣ್ಣು, ಕಲ್ಲು, ನೀರಿನ ಈ ಸಂಬಂಧವನ್ನು. ನಮ್ಮ ಗುಡ್ಡದಲ್ಲಿ ಮೇಲೆ ಮುರಕಲ್ಲು, ಅದರಡಿಯಲ್ಲಿ ಶೇಡಿ ಎಂಬ ನುಣುಪು ಜೇಡಿಮಣ್ಣು. ಮಳೆನೀರು ಮುರಕಲ್ಲಿನ ತೂತುಗಳಿಂದ ಇಳಿದು ಶೇಡಿಯ ಮೇಲೆ ತಂಗಿ ಬದಿಗೆ ಜಿನುಗುತ್ತದೆ. ನೂರು ವರ್ಷ ಯಾರೂ ಮುಟ್ಟದಿದ್ದರೆ ಆ ನೀರಿಗೆ ಅದರದೇ ದಾರಿ ಇರುತ್ತಿತ್ತು. ಅಜ್ಜ ತೊಂಬತ್ತೆರಡು ಕೋಲು ಕೊರೆದು ಅದಕ್ಕೆ ಹೊಸ ದಾರಿ ಕೊಟ್ಟಿದ್ದಾರೆ. ಈಗ ಬಾಯಿಗೆ ಮಣ್ಣು ತುಂಬಿದರೆ ನೀರು ಹಿಂದೆ ನಿಲ್ಲುತ್ತದೆ. ಆಟಿಯ ಮಳೆಗೆ ಶೇಡಿ ನೆನೆದು ಸಾಬೂನಿನಂತಾದರೆ ಗುಡ್ಡ ಜಾರುವುದು ಮನೆಯ ಮೇಲೆಯೇ. ಮೇಲಾಗಿ ಜೆಸಿಬಿ ಬುಡವನ್ನೇ ಕಡಿದಿರುತ್ತದೆ. ಕಾರಿಗೆ ಜಾಗ ಬೇಕಾದರೆ ಕೊಟ್ಟಿಗೆಯ ಆಚೆ ಮಾಡಲಿ.

ಕೊಳವೆಬಾವಿಯ ಮಾತಿಗೂ ಉತ್ತರ ಹೇಳುತ್ತೇನೆ. ಅದು ಕರೆಂಟು ಇದ್ದರೆ ಮಾತ್ರ ಕೊಡುತ್ತದೆ. ಸುರಂಗ ಕೊಡುವುದು ಕಡಿಮೆ, ಏಪ್ರಿಲಿನಲ್ಲಿ ನೂಲಿನಷ್ಟೇ, ಆದರೆ ಹಗಲಿರುಳು ಬಿಡದೆ ತಾನಾಗಿ ಕೊಡುತ್ತದೆ. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಒಣ ಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು ತೋಟ ಮಾಡಿದವರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ಟಿವಿಯ ಮುಂದೆ ಮೊದಲು ಚಪ್ಪಾಳೆ ತಟ್ಟಿದವನು ಅಣ್ಣನೇ. ಅವನಿಗೆ ನೆನಪು ಮಾಡಿ.

ನನಗೆ ನೆನಪಿರುವುದು ಬೇರೆ. ವರ್ಷಕ್ಕೊಮ್ಮೆ ನೀವು ಹೂಳು ತೆಗೆಯಲು ಒಳಹೋಗುತ್ತಿದ್ದಿರಿ. ಚಿಮಣಿ ದೀಪ ಮಂಕಾದರೆ ಗಾಳಿ ಸಾಲದೆಂದು ಅರ್ಥ, ತಿರುಗಿ ಬರಬೇಕು ಎಂದು ಅಜ್ಜ ಕಲಿಸಿದ್ದರು. ಬಾಯಿಯಲ್ಲಿ ನಿಂತು ಹಗ್ಗ ಎಳೆದು ಮಣ್ಣಿನ ಬುಟ್ಟಿ ಹೊರತೆಗೆಯುವುದು ನನ್ನ ಕೆಲಸ. ಬುಟ್ಟಿಬುಟ್ಟಿಗೂ "ಅಪ್ಪಾ" ಎಂದು ಕೂಗುತ್ತಿದ್ದೆ. ಗುಡ್ಡದ ಹೊಟ್ಟೆಯೊಳಗಿಂದ ನಿಮ್ಮ "ಹೂಂ" ಬರುವ ತನಕ ಉಸಿರು ಬಿಗಿಹಿಡಿದಿರುತ್ತಿದ್ದೆ. ನೇಪಲ್ಸಿನ ಆ ಓಣಿಯಲ್ಲಿ ಎಲ್ಲರೂ ಮುಂದೆ ಹೋದ ಮೇಲೆ ನಾನು ಹಾಗೆಯೇ ಕೂಗಿದೆ, ಮೆಲ್ಲಗೆ.

ಈಗ ನಾನು ಕೇಳುವುದು ಇಷ್ಟು. ಜೆಸಿಬಿಯವನಿಗೆ ಬೇಡವೆಂದು ಹೇಳಿ. ಶಿವರಾತ್ರಿಯ ಒಳಗೆ ಬಾಯಿಯ ಬಳಿಯ ಹೂಳಷ್ಟನ್ನು ತೆಗೆಸಿ, ನೀವು ಒಳಗೆ ಇಳಿಯಬೇಡಿ, ನಿಮ್ಮ ಬೆನ್ನಿಗೆ ಆಗದು. ದನಕರು ಹೋಗದಂತೆ ಒಂದು ಕಬ್ಬಿಣದ ಜಾಲರಿ ಹಾಕಿಸಿ, ಖರ್ಚು ನಾನು ಕಳುಹಿಸುತ್ತೇನೆ. ಸುರಂಗದ ನೀರನ್ನು ಹೊರತರುವ ಒಡೆದ ಅಡಿಕೆ ದಂಬೆಯನ್ನು ಬದಲಿಸಿ, ಅದರ ತುದಿಗೆ ಕೊಡಪಾನ ಇಟ್ಟು, ತುಂಬಲು ಎಷ್ಟು ನಿಮಿಷ ಹಿಡಿಯಿತೆಂದು ಅಮ್ಮನ ಕ್ಯಾಲೆಂಡರಿನಲ್ಲಿ ಬರೆದಿಡಿ. ಪ್ರತಿ ಹುಣ್ಣಿಮೆಗೆ ಒಂದು ಸಲ ಸಾಕು. ಮೇ ತಿಂಗಳಲ್ಲಿ ನಾನು ಬಂದಾಗ ಒಳಗೆ ಹೋಗಿ ಅಳೆದು ನಕ್ಷೆ ಬರೆಯುತ್ತೇನೆ. ಹಗ್ಗ ಹಿಡಿಯಲು ಅಣ್ಣ ಬರಲಿ.

ಅಮ್ಮನಿಗೆ ನಮಸ್ಕಾರ ಹೇಳಿ. ಇಲ್ಲಿನ ಕಾಫಿಯ ರುಚಿ ಸೆರಿನೊ ನೀರಿನದು ಎಂದು ಈ ಊರಿನವರು ನಂಬುತ್ತಾರೆ ಎಂದರೆ ಅವರಿಗೆ ಖುಷಿಯಾದೀತು. ಸುರಂಗದ ನೀರಿನಲ್ಲೇ ಕಾಫಿ ಎಂದು ಹಟ ಹಿಡಿಯುವವರು ಅವರೇ ಅಲ್ಲವೇ.

ನಿಮ್ಮ ಮಗಳು

ಮರೆತಿದ್ದೆ: ಅಟ್ಟದ ಮೇಲಿರುವ ಅಜ್ಜನ ಗಿಡ್ಡ ಕಾವಿನ ಪಿಕ್ಕಾಸನ್ನು ಗುಜರಿಯವನಿಗೆ ಕೊಡಬೇಡಿ.