ಚಿಕಿತ್ಸಾಲಯದ ಆ ಸಹಾಯಕಿಗೆ ನಮ್ಮ ಧನ್ಯವಾದ

ಜುಲೈ-ಆಗಸ್ಟ್ ಹೊತ್ತಿನ ಕರ್ಕಾಟಕ ಮಾಸದ ಮಳೆಯಲ್ಲಿ, ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಆಯುರ್ವೇದ ಚಿಕಿತ್ಸಾಲಯವೊಂದರಲ್ಲಿ ನನ್ನ ಅಮ್ಮನಿಗೆ ದೇಹಶುದ್ಧಿಯ ಪಂಚಕರ್ಮ ಚಿಕಿತ್ಸೆ ನಡೆಯುತ್ತಿತ್ತು. ದಿನದಿಂದ ದಿನಕ್ಕೆ ಪ್ರಮಾಣ ಹೆಚ್ಚಿಸುತ್ತ ಔಷಧೀಯ ತುಪ್ಪ ಕುಡಿಸುವ ಸ್ನೇಹಪಾನ, ಬಳಿಕ ಮೈಗೆ ಎಣ್ಣೆ ತಿಕ್ಕುವ ಅಭ್ಯಂಗ ಮತ್ತು ಬೆವರಿಸುವ ಸ್ವೇದನ ಮುಗಿದು, ಔಷಧಿ ಕೊಟ್ಟು ಭೇದಿ ಮಾಡಿಸುವ ವಿರೇಚನದ ದಿನ ಬಂದಾಗ ಅಮ್ಮ ತೀರಾ ಬಳಲಿದರು. ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತಿತ್ತು, ನನಗೆ ಕೈಕಾಲೇ ಆಡದಂತಾಯಿತು.

ಪಾಳಿ ಮುಗಿಸಿ ಹೊರಟಿದ್ದ ಸಹಾಯಕಿಯೊಬ್ಬರು ಬಾಗಿಲಲ್ಲಿ ನಮ್ಮನ್ನು ಕಂಡು, ಕೊಡೆಯನ್ನು ಮೂಲೆಗಿಟ್ಟು ಒಳಬಂದರು. ಮೊದಲು ವೈದ್ಯರನ್ನು ಕರೆಸಿ ರಕ್ತದೊತ್ತಡ ನೋಡಿಸಿದರು. ಆಮೇಲೆ ಬಿಸಿನೀರನ್ನು ಗುಟುಕು ಗುಟುಕಾಗಿ ಕುಡಿಸುತ್ತ, ಪ್ರತಿ ಸಲವೂ ಅಮ್ಮನ ತೋಳು ಹಿಡಿದು ಶೌಚಾಲಯಕ್ಕೆ ಕರೆದೊಯ್ದು, ಎಷ್ಟು ಬಾರಿ ಆಯಿತೆಂಬುದನ್ನು ವೈದ್ಯರಿಗಾಗಿ ಚೀಟಿಯಲ್ಲಿ ಗುರುತು ಹಾಕಿಟ್ಟರು. ಅಮ್ಮ ಸಂಕೋಚಪಟ್ಟಾಗ ಮಲಯಾಳ ಬೆರೆತ ಕನ್ನಡದಲ್ಲಿ, "ನನ್ನ ಅಮ್ಮನಿಗೂ ಇದನ್ನೇ ಮಾಡಿದ್ದೇನೆ, ನಾಚಬೇಡಿ ಅಮ್ಮ" ಎಂದರು. (ಅಮ್ಮ ಆ ದಿನ ನಕ್ಕದ್ದು ಅದೊಂದೇ ಸಲ.)

ವಿರೇಚನದ ನಂತರ ಜಠರಾಗ್ನಿ, ಅಂದರೆ ಜೀರ್ಣಶಕ್ತಿ, ಮಂದವಾಗಿರುವುದರಿಂದ ಮೊದಲು ತೆಳು ಗಂಜಿ, ಬಳಿಕ ಗಟ್ಟಿ ಗಂಜಿ, ಆಮೇಲಷ್ಟೇ ಮಾಮೂಲಿ ಊಟ ಎಂಬ ಸಂಸರ್ಜನ ಕ್ರಮವನ್ನು ನನಗೆ ತಾಳ್ಮೆಯಿಂದ ವಿವರಿಸಿ, ಅಂದಿನ ಗಂಜಿಯನ್ನು ತಾವೇ ಬಿಸಿ ಮಾಡಿ ತಂದರು. ಅಮ್ಮನಿಗೆ ನಿದ್ದೆ ಹತ್ತಿದಾಗ ನನ್ನ ಎದೆಯ ಭಾರ ಇಳಿಯಿತು.

ಅವರೇ ಬೇಡವೆಂದಿದ್ದರಿಂದ ಹೆಸರು ಬರೆಯುತ್ತಿಲ್ಲ. ನಮ್ಮ ಮನೆಯವರೆಲ್ಲರ ಧನ್ಯವಾದಗಳು ಅವರಿಗೆ ತಲುಪಲಿ.