ಬಿಳಿ ಬಾವುಟದ ಮುಂದೆ ನಿಂತವರು

ಪ್ರಿಯ ತಂಗಿ,

ನಿನ್ನ ಕಥೆಯನ್ನು ಎರಡು ಸಲ ಓದಿದೆ. ಮೈಸೂರಿನ ಕುದುರೆ ಪಡೆ ಎಂದೊಡನೆ ನಮ್ಮವರೆಲ್ಲ ಮೊದಲ ಮಹಾಯುದ್ಧದಲ್ಲಿ ಅದು ಕಾದಾಡಿದ 1918ರ ಹೈಫಾಕ್ಕೆ ಓಡುತ್ತಾರೆ. ಅದೇ ಪಡೆ ಅದಕ್ಕೂ ಮೊದಲು ಸೂಯೆಜ್ ಕಾಲುವೆಯ ದಂಡೆಯಲ್ಲಿ ಕಾವಲು ಕಾದದ್ದು ಹೆಚ್ಚಿನವರಿಗೆ ನೆನಪಿಲ್ಲ. ನೀನು ಆ ಕಾವಲಿನ ದಿನಗಳನ್ನು ಹುಡುಕಿಕೊಂಡು ಹೋಗಿ, ಸಿನಾಯ್ ಮರಳಿನಲ್ಲಿ 1914ರ ನವೆಂಬರ್ 20ರಂದು ನಡೆದ ಒಂದು ಸಣ್ಣ ಚಕಮಕಿಯ ಮುಂದೆ ನಿಂತೆ. ಈ ಆಯ್ಕೆಗೇ ನಿನ್ನ ಬೆನ್ನು ತಟ್ಟಬೇಕು.

ವಿವರಗಳೂ ಸರಿಯಾಗಿವೆ. ಬಿಕಾನೇರ್ ಸಂಸ್ಥಾನದ ಒಂಟೆ ದಳದ 20 ಸವಾರರು, ಮುಂದಾಳು ಕ್ಯಾಪ್ಟನ್ ಚೋಪ್. ಕಾಲುವೆಯ ದಂಡೆಯ ಕಂತಾರಾ ಊರಿನಿಂದ ಪೂರ್ವಕ್ಕೆ ಸುಮಾರು 20 ಮೈಲಿ ದೂರದ ಬೀರ್ ಎನ್ ನಸ್. ಬಿಳಿ ಬಾವುಟ ಹಿಡಿದು ಹತ್ತಿರ ಬಂದ ಇನ್ನೂರರಷ್ಟು ಬೆದುಯಿನ್ ಅಲೆಮಾರಿಗಳು ಮತ್ತು ತುರ್ಕಿ ಪರವಾದ ಜನ. ಗಸ್ತಿನವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬಿದ್ದರು, ಉಳಿದವರು ಹೋರಾಡುತ್ತಲೇ ಹಿಂದೆ ಸರಿದರು.

ಆದರೆ ಅವರ ಬಾಯಲ್ಲಿ ನೀನು ‘ಭಾರತ ಮಾತೆಗೆ ಜಯವಾಗಲಿ’ ಎಂದು ಕೂಗಿಸಿದ್ದೀಯೆ. ಅದನ್ನು ತೆಗೆದುಬಿಡು. ಅವರು ಬಿಕಾನೇರ್ ಮಹಾರಾಜ ಗಂಗಾ ಸಿಂಗರ ಗಂಗಾ ರಿಸಾಲಾ ಎಂಬ ಆ ಒಂಟೆ ದಳದವರು, ಮಹಾರಾಜರು ಬ್ರಿಟಿಷ್ ಚಕ್ರವರ್ತಿಗೆ ಕೊಟ್ಟ ನೆರವಿನ ಒಂದು ಭಾಗ. ಥಾರ್ ಮರುಭೂಮಿಯ ಆ ಸವಾರನಿಗೆ ಮರಳು ಹೊಸದಲ್ಲ, ಒಂಟೆಯೂ ಹೊಸದಲ್ಲ. ತಾನು ಯಾರ ಯುದ್ಧಕ್ಕೆ ಬಂದಿದ್ದೇನೆ ಎಂಬುದಷ್ಟೇ ಹೊಸದು. ನಮ್ಮ ಕಾಲದ ಬಾವುಟವನ್ನು ಅವನ ಕೈಗೆ ಕೊಟ್ಟರೆ ಅವನ ಆ ಒಂಟಿತನವನ್ನೇ ಕಸಿದುಕೊಂಡಂತೆ.

ಇನ್ನೊಂದು ಮಾತು, ಈ ಪತ್ರ ಬರೆಯಲು ಕುಳಿತದ್ದೇ ಅದಕ್ಕಾಗಿ. ಆ ಗಸ್ತಿನ ಜೊತೆ ಈಜಿಪ್ಟಿನ ಕರಾವಳಿ ಕಾವಲಿನ ಕೆಲವರು ಇದ್ದರು. ಅವರ ನಡತೆ ತೃಪ್ತಿಕರವಾಗಿರಲಿಲ್ಲ ಎಂದು ಬ್ರಿಟಿಷರು ಒಂದು ಸಾಲಿನಲ್ಲಿ ಬರೆದು ಮುಂದೆ ಹೋದರು. ನೀನೂ ಅವರನ್ನು ‘ದ್ರೋಹಿಗಳು’ ಎಂದು ಕರೆದು ಮುಂದೆ ಹೋದೆ. ತಾರೀಖನ್ನು ಮತ್ತೊಮ್ಮೆ ನೋಡು. ಬ್ರಿಟನ್ ಈಜಿಪ್ಟನ್ನು ತನ್ನ ಆಶ್ರಿತ ರಾಜ್ಯವೆಂದು ಘೋಷಿಸಿದ್ದು ಡಿಸೆಂಬರ್ 18ರಂದು. ನವೆಂಬರ್ 20ಕ್ಕೆ ಕಾಗದದ ಮೇಲಾದರೂ ಆ ನೆಲ ಇಸ್ತಾಂಬುಲ್‌ನ ತುರ್ಕಿ ಸುಲ್ತಾನನದ್ದೇ. ಅದೇ ತಿಂಗಳ ಮೊದಲ ವಾರ ಈಜಿಪ್ಟಿನಲ್ಲಿದ್ದ ಬ್ರಿಟಿಷ್ ಸೇನಾಧಿಪತಿ ಜನರಲ್ ಮ್ಯಾಕ್ಸ್‌ವೆಲ್, ಈ ಯುದ್ಧದ ಹೊರೆಯನ್ನು ಬ್ರಿಟನ್ ತಾನೇ ಹೊರುತ್ತದೆ, ಈಜಿಪ್ಟಿನ ಜನರ ನೆರವು ಕೇಳುವುದಿಲ್ಲ ಎಂದು ಸಾರಿದ್ದ. ಎರಡೇ ವಾರದಲ್ಲಿ ಆ ಕಾವಲುಗಾರರು ಬಂದೂಕು ಹಿಡಿದು ಯಾರೆದುರು ನಿಂತಿದ್ದರು? ತಮ್ಮದೇ ಸುಲ್ತಾನನ ಪರ ಬಂದವರ ಎದುರು. ದ್ರೋಹ ಎಂದರೆ ಯಾರಿಗೆ ದ್ರೋಹ? ನಿನ್ನ ಇಡೀ ಕಥೆಯಲ್ಲಿ ನನ್ನ ಮನಸ್ಸು ಕಲಕುವವರು ಇವರೇ. ಇವರಿಗೆ ನೀನು ಕೊಟ್ಟದ್ದು ಒಂದು ಬೈಗುಳ ಮಾತ್ರ.

ಗುಂಡಿನ ಸದ್ದಿಗೆ ನಾಲ್ಕು ಪುಟ ಕೊಟ್ಟಿದ್ದೀಯೆ, ಒಂದು ಸಾಕು. ಅರಬ್ಬಿಯಲ್ಲಿ ಬೀರ್ ಎಂದರೆ ಬಾವಿ. ಮರುಭೂಮಿಯಲ್ಲಿ ಗಸ್ತು ಹೋಗುವುದೂ ಬಾವಿಯ ಜಾಡು ಹಿಡಿದು, ಶತ್ರು ಬರುವುದೂ ಅದೇ ಜಾಡು ಹಿಡಿದು. ನಿನ್ನ ಕಥೆಯಲ್ಲಿ ಬಾವಿಯೇ ಇಲ್ಲ! ಗಾಯಗೊಂಡವನನ್ನು ಒಂಟೆಯ ಮೇಲೆ ಹೇರಿಕೊಂಡು 20 ಮೈಲಿ ಹಿಂದಿರುಗುವ ದಾರಿಯೂ ಇಲ್ಲ. ಒಂಟೆ ಹೆಜ್ಜೆ ಹಾಕುವಾಗ ಮೈ ಹೇಗೆ ತೂಗುತ್ತದೆ, ಗಾಯಕ್ಕೆ ಅದು ಹೇಗೆ ತಾಗುತ್ತದೆ, ಅದನ್ನು ಬರೆ.

ದೂರದಲ್ಲಿ ಬಿಳಿ ಬಾವುಟ ಕಾಣಿಸಿದ ಕ್ಷಣದಿಂದ ಕಥೆಯನ್ನು ಮತ್ತೆ ಆರಂಭಿಸು. ಈ ಸಲ ಒಬ್ಬ ಕಾವಲುಗಾರನ ಪಕ್ಕದಲ್ಲಿ ನಿಂತುಕೊಂಡು ನೋಡು. ಬರೆದಾದ ಮೇಲೆ ಮೊದಲು ನನಗೆ ಕಳಿಸು, ಪತ್ರಿಕೆಗೆ ಆಮೇಲೆ ಕೊಡುವೆಯಂತೆ.

ನಿನ್ನ
ಅಣ್ಣ