ಹೊಸ ಕೊಠಡಿಗಳ ಒಪ್ಪಂದದ ಬಗ್ಗೆ ಪೋಷಕರಿಗೆ ಪತ್ರ

ಎಲ್ಲ ಪೋಷಕರಿಗೆ ನಮಸ್ಕಾರ.

ಶಾಲೆಯ ಹಳೇ ಹಂಚಿನ ಕೊಠಡಿಗಳನ್ನು ಕೆಡವಿ ನಾಲ್ಕು ಆರ್‌ಸಿಸಿ ಕೊಠಡಿ ಕಟ್ಟಿಸಿಕೊಡಲು ಕಂಪನಿಯೊಂದು ಮುಂದೆ ಬಂದಿದೆ. ಸುದ್ದಿಯ ಬೆನ್ನಿಗೇ ‘ಶಾಲೆ ಪ್ರೈವೇಟ್ ಆಗುತ್ತಂತೆ, ಮುಂದಿನ ವರ್ಷದಿಂದ ಫೀಸಂತೆ’ ಎಂಬ ಮಾತೂ ಹಬ್ಬಿದೆ. ಟಿ.ಸಿ. ಕೇಳಿಕೊಂಡು ಬಂದವರೂ ಇದ್ದಾರೆ. ಗಾಬರಿ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆ ಇರುವವರೆಗೆ ಸರ್ಕಾರಿ ಶಾಲೆಯಲ್ಲಿ ಎಂಟನೇ ತರಗತಿವರೆಗಿನ ಓದು ಉಚಿತ, ಗೋಡೆ ಯಾರ ದುಡ್ಡಿನದಾದರೂ ಸರಿ. ಜಾಗ, ಶಿಕ್ಷಕರು, ಬಿಸಿಯೂಟ ಯಾವುದೂ ಕೈ ಬದಲಾಗುವುದಿಲ್ಲ.

ಹಾಗಂತ ಇದು ದಾನವೂ ಅಲ್ಲ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಇಂಥ ಕೆಲಸಗಳಿಗೆ ಖರ್ಚು ಮಾಡಬೇಕು. ಆದ್ದರಿಂದ ಅವರು ಬರೆದು ತಂದದ್ದಕ್ಕೆಲ್ಲ ತಲೆಯಾಡಿಸಬೇಕಾದ ದಾಕ್ಷಿಣ್ಯ ನಮಗಿಲ್ಲ.

ನನಗಿರುವ ಚಿಂತೆ ಬೇರೆ. ಕಟ್ಟಿದ್ದನ್ನು ಆಮೇಲೆ ನೋಡಿಕೊಳ್ಳುವವರು ಯಾರು? ಹೆಣ್ಣುಮಕ್ಕಳ ಶೌಚಾಲಯವನ್ನೇ ನೋಡಿ. ಅದೂ ದಾನಿಗಳು ಕಟ್ಟಿಸಿದ್ದೇ. ಬಾಗಿಲ ಮೇಲಿನ ಕಲ್ಲು ಇವತ್ತಿಗೂ ಫಳಫಳ ಹೊಳೆಯುತ್ತದೆ. ಒಳಗಿನ ನಲ್ಲಿಗೆ ಬಟ್ಟೆ ಸುತ್ತಿ ಕಟ್ಟಿದ್ದೇವೆ, ಟ್ಯಾಂಕಿಗೆ ಪೈಪೇ ಇಲ್ಲ. ರಿಪೇರಿ ಯಾರದ್ದೆಂದು ಆಗ ಯಾರೂ ಬರೆದಿಡಲಿಲ್ಲ.

‘ಪಿಪಿಪಿ ಅಂದರೆ ಇದೇನಾ?’ ಎಂದು ಕೆಲವರು ಕೇಳಿದರು. ಪೂರ್ತಿ ಅಲ್ಲ. ಪಿಪಿಪಿ ಅಂದರೆ ಸರ್ಕಾರ ಮತ್ತು ಖಾಸಗಿಯವರ ಸಹಭಾಗಿತ್ವ. ಆ ಪದ್ಧತಿಯಲ್ಲಿ ಖಾಸಗಿಯವರು ಕಟ್ಟಡ ಕಟ್ಟಿ, ನಿರ್ವಹಣೆಯನ್ನೂ ಮಾಡುತ್ತಾರೆ. ಸರ್ಕಾರ ಇಪ್ಪತ್ತೈದು ಮೂವತ್ತು ವರ್ಷ ಗೃಹಸಾಲದ ಕಂತಿನ ಹಾಗೆ ಹಣ ತೀರಿಸುತ್ತದೆ. ಬ್ರಿಟನ್ನಿನಲ್ಲಿ ನೂರಾರು ಶಾಲೆ, ಆಸ್ಪತ್ರೆ ಎದ್ದದ್ದು ಹೀಗೆಯೇ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಇಂಥ ಒಪ್ಪಂದದಡಿ ಕಟ್ಟಿದ್ದ ಪ್ರಾಥಮಿಕ ಶಾಲೆಯೊಂದರ ಗೋಡೆ 2016ರ ಜನವರಿಯಲ್ಲಿ ಬಿರುಗಾಳಿಗೆ ಉರುಳಿತು. ಸುಮಾರು ಒಂಬತ್ತು ಟನ್ ಇಟ್ಟಿಗೆ! ಮಕ್ಕಳು ಇನ್ನೂ ಬಂದಿರಲಿಲ್ಲ, ಬದುಕಿದರು. ಎರಡು ಪದರದ ಗೋಡೆಯನ್ನು ಒಂದಕ್ಕೊಂದು ಹಿಡಿದಿಡುವ ಲೋಹದ ಕೊಂಡಿಗಳನ್ನು ಸರಿಯಾಗಿ ಕೂರಿಸಿರಲಿಲ್ಲ. ಉಳಿದ ಕಟ್ಟಡಗಳನ್ನು ನೋಡಿದರೆ ಅಲ್ಲೂ ದೋಷ. ಏಪ್ರಿಲ್‌ನಲ್ಲಿ 17 ಶಾಲೆಗಳಿಗೆ ಬೀಗ ಬಿತ್ತು, ಏಳು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಬೇರೆಡೆ ಕೂರಿಸಬೇಕಾಯಿತು. ಮರುವರ್ಷ ಬಂದ ತನಿಖಾ ವರದಿ ಖಾಸಗಿ ಹಣವನ್ನು ದೂರಲಿಲ್ಲ. ಗೋಡೆ ಏಳುವಾಗ ಸ್ವತಂತ್ರವಾಗಿ ನಿಂತು ನೋಡುವವರು ಸಾಕಷ್ಟು ಇರಲಿಲ್ಲ ಎಂದಿತು.

ನಮ್ಮದು ಪುಟ್ಟ ಕೆಲಸ, ಆದರೆ ಪ್ಲಾಸ್ಟರಿಂಗ್ ಆದ ಮೇಲೆ ಒಳಗೇನಿದೆ ಎಂದು ಇಲ್ಲೂ ಕಾಣುವುದಿಲ್ಲ. ಅದಕ್ಕೇ ಒಡಂಬಡಿಕೆಯಲ್ಲಿ ಕೆಲವು ಮಾತು ಸೇರಲೇಬೇಕೆಂದು ಕೇಳುತ್ತಿದ್ದೇನೆ: ಪ್ರತಿ ಹಂತವನ್ನೂ ಸರ್ಕಾರದ ಎಂಜಿನಿಯರ್ ನೋಡಿ ಸಹಿ ಹಾಕಬೇಕು, ಐದು ವರ್ಷದ ರಿಪೇರಿ ಕಂಪನಿಯದ್ದು, ಆಮೇಲಿನದ್ದು ಯಾವ ಅನುದಾನದಿಂದ ಎಂದು ಬರವಣಿಗೆಯಲ್ಲಿರಬೇಕು. ಕಂಪನಿಯ ಹೆಸರಿನ ಫಲಕ ಹಾಕಿಕೊಳ್ಳಲಿ, ಬೇಡವೆನ್ನುವುದಿಲ್ಲ. ತರಗತಿಯೊಳಗೆ ಜಾಹೀರಾತು ಮಾತ್ರ ಬೇಡ.

ಬರುವ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ, 12 ಗಂಟೆಗೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಇದೆ. ಕಂಪನಿಯವರೂ ಬರುತ್ತಾರೆ. ಕರಡು ಪ್ರತಿ ಕಚೇರಿ ಗೋಡೆಗೆ ಅಂಟಿಸಿದೆ. ಓದಲು ಬಾರದವರಿಗೆ ಏಳನೇ ತರಗತಿ ಮಕ್ಕಳು ಓದಿ ಹೇಳುತ್ತಾರೆ. ತಾಯಂದಿರು ದಯವಿಟ್ಟು ಬನ್ನಿ. ನಲ್ಲಿಯ ಕಷ್ಟ ನಿಮಗಿಂತ ಚೆನ್ನಾಗಿ ಯಾರೂ ಹೇಳಲಾರರು. ನಿಮ್ಮಲ್ಲಿ ಗಾರೆ ಕೆಲಸ, ಸೆಂಟ್ರಿಂಗ್, ಕಂಬಿ ಕಟ್ಟುವ ಕೆಲಸ ಮಾಡುವವರಿದ್ದೀರಿ. ಕೆಲಸ ನಡೆಯುವಾಗ ವಾರಕ್ಕೊಮ್ಮೆ ಬಂದು ನೋಡಬಲ್ಲವರು ನನ್ನ ಹತ್ತಿರ ಹೆಸರು ಕೊಡಿ.

ಕೆಡವುವ ಕೆಲಸ ಶುರುವಾದ ಮೇಲೆ ಒಂದರಿಂದ ಮೂರನೇ ತರಗತಿ ಸಮುದಾಯ ಭವನದಲ್ಲಿ ನಡೆಯುತ್ತದೆ. ಊಟ ಇಲ್ಲೇ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ